ಲಕ್ವಾ ನಂತರ ಬೀಸುವ ಕೈಗೆ ಮರಳಿನ ಪಟ್ಟಿ: ನನ್ನ ಅನುಭವ

‘ಲಕ್ವಾ ಹೊಡ್ದ ಕೈ ಬಿದ್ದಿರಬೇಕಲ್ರೀ, ಇದ್ಯಾಕ ಹಿಂಗ ಬೀಸಿ ಒಗ್ಯಾಕತ್ತದ?’ ಕಲಬುರಗಿ ಸುತ್ತ ಹೆಮಿಬ್ಯಾಲಿಸಮ್ (ಒಂದೇ ಕಡೆಯ ಕೈಕಾಲು ತಾನಾಗಿ ಬೀಸಿ ಒಗೆಯುವ ತೊಂದರೆ) ಇರುವ ಮನೆಯಲ್ಲಿ ಮೊದಲ ಪ್ರಶ್ನೆ ಇದೇ. ಬೀಸು ತಗ್ಗಿಸಲು ಕೈಗೆ ಭಾರ ಕಟ್ಟುತ್ತೇನೆಂದಾಗ ಜೊತೆಯ ಫಿಸಿಯೊಗಳು ಬೇಡವೆಂದರು, ಏಟು ಇನ್ನೂ ಜೋರಾಗುತ್ತದೆ ಎಂದರು. ಮಣಿಕಟ್ಟಿಗೆ ಕಟ್ಟಿದರೆ ಅವರ ಮಾತು ನಿಜ. ಆರೇಳು ನೂರು ಕೊಟ್ಟು ತಂದ ಒಂದು ಕೆಜಿ ಕಫ್ (ಭಾರದ ಪಟ್ಟಿ) ಜೋಳದ ಹೊಲದ ಕವಣೆ ಕಲ್ಲಿನಂತೆ ತಿರುಗಿತು, ಸಂಜೆಗೆ ಭುಜ ನೋವು. ಮಂಚಕ್ಕೆ ಕೈ ಕಟ್ಟಿಹಾಕುವುದು ಅದಕ್ಕಿಂತ ಕೆಟ್ಟದ್ದು, ಮಣಿಕಟ್ಟಿನ ಚರ್ಮ ಎರಡೇ ದಿನಕ್ಕೆ ಸುಲಿಯುತ್ತದೆ.

ಬೀಸು ಹುಟ್ಟುವುದು ಭುಜದಲ್ಲಿ. ಆದ್ದರಿಂದ ಪಟ್ಟಿ ಮೊಣಕೈ ಮೇಲೆ, ತೋಳಿಗೆ. ಹಳೇ ಕೌದಿ ಬಟ್ಟೆ, ಅಗಲ ಸುಮಾರು 10 ಸೆಂ.ಮೀ., ನಾಲ್ಕು ಜೇಬು, ಒಂದೊಂದಕ್ಕೆ 75 ಗ್ರಾಂ ತೊಳೆದು ಒಣಗಿಸಿದ ಮರಳು, ಒಳಗೆ ಎರಡು ಪದರ ಬಟ್ಟೆ. ಹೊಲಿಗೆ ಸೇರಿ ನೂರು ರೂಪಾಯಿ ಒಳಗೇ. ತೊಗರಿ ಬೇಳೆಯನ್ನೂ ತುಂಬಿ ನೋಡಿದೆ, ನಮ್ಮ ಬೇಸಿಗೆ ಬೆವರಿಗೆ ಮುಗ್ಗಿಹೋಯಿತು. ಬೀಸುವ ತೋಳಿಗೆ ಪಟ್ಟಿ ಸುತ್ತುವ ಹಿಡಿತ ಕೈ ಹಿಡಿದು ಕಲಿಸುವಂಥದ್ದು, ಇಲ್ಲಿ ಬರೆಯುವುದಿಲ್ಲ.

ಪಟ್ಟಿಯೊಳಗೆ ಎರಡು ಬೆರಳು ಆಡಬೇಕು. ಊಟಕ್ಕೆ, ವ್ಯಾಯಾಮಕ್ಕೆ ಅರ್ಧ ತಾಸು, ಆಮೇಲೆ ಬಿಚ್ಚಿ ಚರ್ಮ ನೋಡಿ. ಭುಜದ ಕೀಲು ಜಾರಿದ್ದರೆ ಕಟ್ಟಲೇಬೇಡಿ. ತಲೆ ಮೇಲೆ ಹೋಗುತ್ತಿದ್ದ ಕೈ ಎದೆ ಮಟ್ಟಕ್ಕೆ ನಿಂತರೆ ಅದೇ ಗೆಲುವು. ರೋಗ ಇದರಿಂದ ವಾಸಿಯಾಗುವುದಿಲ್ಲ, ಆದರೆ ರೊಟ್ಟಿ ತುತ್ತು ಬಾಯಿಗೆ ಮುಟ್ಟುತ್ತದೆ. ಚಮಚದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದೂ ಉಪಯೋಗಕ್ಕೆ ಬಂತು. ತಣ್ಣೀರ ಬಟ್ಟೆಯಿಂದ ಏನೂ ಆಗಲಿಲ್ಲ.

ಇಷ್ಟೆಲ್ಲಕ್ಕೂ ಮೊದಲು ಗ್ಲುಕೋಮೀಟರ್ ಹಚ್ಚಿ. ಬರೀ ಶುಗರ್ ಏರಿಯೂ ಒಂದೇ ಕಡೆಯ ಕೈಕಾಲು ಹೀಗೇ ಕುಣಿಯುತ್ತವೆ. 400 ದಾಟಿದ್ದರೆ ಪಟ್ಟಿ ಮಾತು ಬಿಟ್ಟು ಅವತ್ತೇ ಆಸ್ಪತ್ರೆಗೆ ಕಳಿಸಿ. ಈ ಬೀಸನ್ನು ಫಿಟ್ಸ್ ಎಂದು ತಿಳಿದು ಮಾತ್ರೆ ನುಂಗಿಸಿದ್ದನ್ನೂ ಕಂಡಿದ್ದೇನೆ. ಪೇಷಂಟ್ ಎಚ್ಚರದಿಂದ ಮಾತಾಡುತ್ತಿದ್ದಾರಾ, ಗಾಢ ನಿದ್ದೆಯಲ್ಲಿ ಕೈ ಸುಮ್ಮನಿರುತ್ತದಾ ಎಂದು ರಾತ್ರಿ ಪಕ್ಕದಲ್ಲಿ ಮಲಗುವವರನ್ನು ಕೇಳಿ, ಡಾಕ್ಟರಿಗೆ ಹೇಳಿ.

ಡಾಕ್ಟರು ಬೀಸು ತಗ್ಗಿಸುವ ಟೆಟ್ರಾಬೆನಜಿನ್ ಮಾತ್ರೆ ಶುರು ಮಾಡಿದ್ದರೆ ಮಂಕುತನ, ಅಳು, ನಡಿಗೆ ಬಿಗಿಯುವುದು ಕಂಡ ದಿನವೇ ಫೋನ್ ಮಾಡಿ. ಬಹಳ ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಬೀಸು ತಾನಾಗಿ ಇಳಿಯುತ್ತದೆ. ಅಲ್ಲಿವರೆಗೆ ನೆಲದ ಮೇಲೆ ಹಾಸಿಗೆ, ಗೋಡೆಗೆ ಕೌದಿ. ಕೈಯ ಬೀಸು ಇಳಿದಂತೆ ಒಂದೊಂದೇ ಜೇಬಿನ ಮರಳು ತೆಗೆಯುತ್ತ ಬನ್ನಿ.