‘ಅಪ್ ಟು ಡೇಟ್’ ಅಂತ ಫೋನ್ ಹೇಳಿದ್ದನ್ನು ನಂಬಿ ಕೆಟ್ಟೆ

ಮಲ್ಪೆಯಲ್ಲಿ ನಾನಿರುವುದು ಮೀನು ಸಾಗಾಟದ ಆಫೀಸಿನಲ್ಲಿ. ಲಾರಿ ಡ್ರೈವರ್‌ಗಳು, ದಕ್ಕೆಯಲ್ಲಿ ಲೆಕ್ಕ ಬರೆಯುವವರು, ಆಫೀಸು ಎಲ್ಲ ಸೇರಿ 11 ಫೋನ್. ಕಂಪ್ಯೂಟರ್ ಸ್ವಲ್ಪ ಗೊತ್ತುಂಟು ಅನ್ನುವ ಒಂದೇ ತಪ್ಪಿಗೆ ಅಷ್ಟೂ ನನ್ನ ತಲೆಗೆ ಬಂತು.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ಹರಾಜಿನ ಹೊತ್ತಿಗೆ ನಮ್ಮ ರೈಟರ್ ಕೈತಪ್ಪಿ ಅಪ್‌ಡೇಟ್ ಒತ್ತಿದ. ಬಂಗುಡೆ ರೇಟು ಕಳಿಸಬೇಕು, ಆ ಕಡೆ ಪಾರ್ಟಿ ಕಾಯ್ತಾ ಇದ್ದಾರೆ, ಇವನ ಕೈಯಲ್ಲಿ ಕಪ್ಪು ಸ್ಕ್ರೀನು, ಅದರ ಮೇಲೆ ಕಂಪನಿ ಹೆಸರು ಮಾತ್ರ. ಇಪ್ಪತ್ತು ನಿಮಿಷ! ಯಜಮಾನರು ಬೈದದ್ದು ಅವನಿಗಲ್ಲ, ನನಗೆ. ಅವತ್ತೇ ಸಂಜೆ ಎಲ್ಲ ಫೋನಿನಲ್ಲೂ ಆಟೋ ಅಪ್‌ಡೇಟ್ ಬಂದ್ ಮಾಡಿದೆ. ಆಮೇಲೆ ಮರೆತೇಬಿಟ್ಟೆ.

ನೆನಪಾದದ್ದು ಒಂದು ಫೋನಿನಲ್ಲಿ ಬ್ಯಾಂಕಿನ ಆ್ಯಪ್ ‘ಈ ಆಂಡ್ರಾಯ್ಡ್‌ನಲ್ಲಿ ಇನ್ನು ನಡೆಯುವುದಿಲ್ಲ’ ಅಂತ ಕೈಕೊಟ್ಟಾಗ. ಅಪ್‌ಡೇಟ್ ಹುಡುಕಿದರೆ, ಎಲ್ಲ ಅಪ್ ಟು ಡೇಟ್ ಉಂಟು ಅಂತ ಫೋನ್ ಹೇಳುತ್ತದೆ. ಅದು ಸುಳ್ಳೂ ಅಲ್ಲ. ಆ ಮಾಡೆಲ್‌ಗೆ ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಮೇಲೆ ಬರಲಿಕ್ಕೆ ಏನು ಬಾಕಿ ಇರುತ್ತದೆ ಹೇಳಿ? ನೋಡಬೇಕಾದ್ದು ಬೇರೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಹತ್ತಿರ ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ತಾರೀಕು ಇರುತ್ತದೆ. ಈ ಫೋನಿನದ್ದು ಎರಡು ವರ್ಷ ಹಳೆಯದು. ಉಳಿದ ಫೋನ್‌ಗಳನ್ನೂ ತರಿಸಿ ತಾರೀಕು ನೋಡಿದೆ, ಇನ್ನೆರಡು ಅದೇ ಕತೆ.

ಗೂಗಲ್ 2015ರಿಂದ ತಿಂಗಳಿಗೊಮ್ಮೆ ಆಂಡ್ರಾಯ್ಡ್‌ನಲ್ಲಿ ಸಿಕ್ಕಿದ ದೋಷಗಳ ಪಟ್ಟಿ ಹೊರಡಿಸುತ್ತದೆ. ಎಲ್ಲರೂ ಓದಬಹುದು, ಅಂದರೆ ಕಳ್ಳರೂ ಓದುತ್ತಾರೆ. ಯಾವ ಮನೆಯ ಹಿಂಬಾಗಿಲ ಚಿಲಕ ಸಡಿಲ ಅಂತ ಬೋರ್ಡು ಹಾಕಿದ ಹಾಗೆ. ಆ ಚಿಲಕ ಬಿಗಿ ಮಾಡುವುದೇ ಸೆಕ್ಯುರಿಟಿ ಅಪ್‌ಡೇಟ್, ಹಾಗಾಗಿ ತಾರೀಕು ಹಳೆಯದಾದಷ್ಟೂ ಸಡಿಲ ಚಿಲಕ ಜಾಸ್ತಿ.

ಈಗ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ, ಹರಾಜೆಲ್ಲ ಮುಗಿದ ಮೇಲೆ, ಫೋನ್‌ಗಳು ಆಫೀಸಿನ ಮೇಜಿಗೆ ಬರುತ್ತವೆ. ಅಪ್‌ಡೇಟ್ ಒತ್ತುವುದು ಒಂದು ಕೆಲಸವೇ ಅಲ್ಲ. ಜಾಗ ಮಾಡುವುದು ಕೆಲಸ. 64 ಜಿಬಿ ಫೋನು, ಖಾಲಿ ಇರುವುದು 1 ಜಿಬಿಗೂ ಕಡಿಮೆ. ಬಾಕ್ಸ್ ತೂಕದ ಫೋಟೋ, ಐಸಿನ ಚೀಟಿ, ಅದರ ಮೇಲೆ ವಾಟ್ಸ್ಆ್ಯಪ್‌ನ ಗುಡ್ ಮಾರ್ನಿಂಗ್ ಹೂವುಗಳು. ವಾಟ್ಸ್ಆ್ಯಪ್‌ನ ಮ್ಯಾನೇಜ್ ಸ್ಟೋರೇಜ್‌ನಲ್ಲಿ ದೊಡ್ಡ ವಿಡಿಯೋ ಹುಡುಕಿ ಅಳಿಸುವಾಗ ಡ್ರೈವರ್ ಪಕ್ಕದಲ್ಲಿ ನಿಂತು ‘ಅಣ್ಣ, ಅದು ಬೇಡ, ಮಗಳ ಡ್ಯಾನ್ಸು’ ಅಂತಾನೆ. ಅದು ಉಳಿಯುತ್ತದೆ, ಬೇರೆ ಹೋಗುತ್ತದೆ. ಇನ್ನೊಂದು ಕಿರಿಕಿರಿ ಚಾರ್ಜಿಂಗ್ ತೂತು. ಉಪ್ಪುನೀರಿನ ಕೈಯಲ್ಲಿ ಹಿಡಿದು ಹಿಡಿದು ತುಕ್ಕು, ಒಮ್ಮೆ ಮೀನಿನ ಪೊರೆಯೂ ಸಿಕ್ಕಿತ್ತು. ಬ್ಯಾಟರಿ ಕಡಿಮೆ ಇದ್ದರೆ ಅಪ್‌ಡೇಟ್ ಶುರುವೇ ಆಗುವುದಿಲ್ಲ. ಇನ್ನು ಡೌನ್‌ಲೋಡ್ ಆಗಿ ರೀಸ್ಟಾರ್ಟ್‌ಗೆ ಕಾದು ಕೂತದ್ದು ಅಪ್‌ಡೇಟ್ ಆದ ಲೆಕ್ಕ ಅಲ್ಲ. ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ಅಂತ ಬೇರೆಯೇ ಒಂದುಂಟು, ಅದಕ್ಕೂ ರೀಸ್ಟಾರ್ಟ್ ಬೇಕು.

ಆಂಡ್ರಾಯ್ಡ್ ವರ್ಷನ್ನೇ ಬದಲಾಗುವ ದೊಡ್ಡ ಅಪ್‌ಡೇಟ್‌ಗಳನ್ನು ಜೂನ್ 1ರಿಂದ ಜುಲೈ 31ರ ತನಕದ 61 ದಿನದ ಮೀನುಗಾರಿಕೆ ರಜೆಗೆ ಇಟ್ಟುಕೊಂಡಿದ್ದೇನೆ. ಏನಾದರೂ ಹಾಳಾದರೆ ಸರಿಮಾಡಲು ಪುರುಸೊತ್ತು ಇರುತ್ತದಲ್ವಾ.

ಹಳೆಯ ಮೂರರಿಂದ ಬ್ಯಾಂಕು, ಯುಪಿಐ, ಮೇಲ್ ಎಲ್ಲ ತೆಗೆದೆ. ಒಂದು ಈಗ ಸಿಮ್ ಇಲ್ಲದೆ ತೂಕದ ಫೋಟೋ ತೆಗೆಯುತ್ತದೆ. ಹೊಸದು ತೆಗೆಯುವಾಗ ಕ್ಯಾಮೆರಾ ಕೇಳಲಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿದೆ. ಅಂಗಡಿ ಹುಡುಗ ಪಿಳಿಪಿಳಿ ನೋಡಿದ. ಸ್ಯಾಮ್‌ಸಂಗ್ ಎಸ್24, ಗೂಗಲ್‌ನ ಪಿಕ್ಸೆಲ್ 8ಕ್ಕೆ 7 ವರ್ಷ ಉಂಟು, ನಮ್ಮ ಬಜೆಟ್ ಅಲ್ಲ. ಸ್ಯಾಮ್‌ಸಂಗ್‌ನದ್ದೇ ಎ16ಗೆ 6 ವರ್ಷ, ಅದನ್ನೇ ತಂದೆ. ಒಂದು ಮಾತು, ಈ ವರ್ಷಗಳ ಲೆಕ್ಕ ನಾವು ತೆಗೆದುಕೊಂಡ ದಿನದಿಂದ ಅಲ್ಲ, ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಆಫರ್‌ನಲ್ಲಿ ಸಿಗುವ ಹಳೆ ಮಾಡೆಲ್ ಸೋವಿ ಕಂಡರೂ ಅದರ ಒಂದಷ್ಟು ವರ್ಷ ಆಗಲೇ ಮುಗಿದಿರುತ್ತದೆ.

ಟ್ರಾಫಿಕ್ ಫೈನ್ ಅಂತ ಸುಳ್ಳು ಹೇಳಿ ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರ ಆ್ಯಪ್ ಹಾಕುವ ಫೈಲನ್ನು, ನಾವೇ ಒತ್ತಿ ಹಾಕಿಕೊಂಡರೆ ಯಾವ ಅಪ್‌ಡೇಟೂ ಕಾಯುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ವಾಟ್ಸ್ಆ್ಯಪ್‌ಗೆ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅನುಮತಿ ಎಲ್ಲ ಕಡೆ ಬಂದ್.

ಡ್ರೈವರ್‌ಗಳು ಈಗ ದಾರಿಯಲ್ಲಿದ್ದರೆ ತಾರೀಕಿನ ಸ್ಕ್ರೀನ್‌ಶಾಟ್ ತಾವೇ ಕಳಿಸುತ್ತಾರೆ. ಬಾಕಿ ಉಳಿಯುವುದು ಯಜಮಾನರ ಐಫೋನ್. ‘ನಾನು ಯಾವ ಲಿಂಕೂ ಒತ್ತುವುದಿಲ್ಲ ಮಾರಾಯ’ ಅಂತಾರೆ. 2023ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಐಫೋನಿಗೆ ಐಒಎಸ್ 16.6.1 ಅಪ್‌ಡೇಟ್ ಬಿಟ್ಟದ್ದೇ ಏನನ್ನೂ ಒತ್ತದಿದ್ದರೂ ಒಳಗೆ ನುಗ್ಗುವ ದಾರಿ ಮುಚ್ಚಲಿಕ್ಕೆ ಅಂತ ನಾನು ಹೇಳಿದೆ. ಸ್ವಲ್ಪ ಹೊತ್ತು ಫೋನ್ ನೋಡಿದರು. ‘ಸರಿ, ಈ ಲೋಡ್ ಹೋಗಲಿ’ ಅಂದರು. ಲೋಡ್ ಹೋಗಿ ಮೂರು ದಿನ ಆಯ್ತು.