ಕೆರೆಯಲ್ಲಿ ಗಾಳ ಹಾಕುವವರು ಅಳಿವೆಯಲ್ಲಿ ಸೀ ಬಾಸ್ ಹುಡುಕುವುದು ಹೇಗೆ

ಮಂಡ್ಯದ ನಾಲೆ, ಮೈಸೂರಿನ ಸುತ್ತಲಿನ ಕೆರೆಗಳಲ್ಲಿ ಕೈ ಪಳಗಿದವರು ಕರಾವಳಿಗೆ ಹೋದರೂ ಅದೇ ಅಭ್ಯಾಸ ಬಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ದಡಕ್ಕೆ ಓಡುತ್ತಾರೆ. ಸೀ ಬಾಸ್‌ಗೆ ಗಡಿಯಾರ ಅಲ್ಲ, ಭರತ ಇಳಿತ ನೋಡಬೇಕು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಇವತ್ತು ಮೀನು ಕಚ್ಚಿದ ಹೊತ್ತು ನಾಳೆಗೆ 50 ನಿಮಿಷದಷ್ಟು ಮುಂದೆ ಹೋಗಿರುತ್ತದೆ.

ಇದು ನಮ್ಮ ಕೊರಮೀನಿನ ಹಾಗೆ ಹೊಂಚು ಹಾಕುವ ಮೀನು. ಕಾಂಡ್ಲಾ (ಅಳಿವೆಯ ಉಪ್ಪು ನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ) ಬೇರು, ಸೇತುವೆಯ ಕಂಬ, ಮುಳುಗಿದ ಮರ, ಇವುಗಳ ಮರೆಯಲ್ಲಿ ನಿಂತಿರುತ್ತದೆ. ನೀರು ಇಳಿಯಲು ಶುರುವಾದಾಗ ಕಾಂಡ್ಲಾ ಒಳಗೆ ಅಡಗಿದ್ದ ಸಿಗಡಿ, ಮರಿಮೀನು ಎಲ್ಲ ಸಣ್ಣ ತೋಡಿನಿಂದ ಹೊಳೆಗೆ ಬರಲೇಬೇಕು, ಸೀ ಬಾಸ್ ಆ ತೋಡಿನ ಬಾಯಲ್ಲೇ ಕಾಯುತ್ತದೆ. ನೀವೂ ಅಲ್ಲೇ ಹಾಕಿ. ಕಟ್ಲಾಗೆ ಕಟ್ಟುವ ಹಿಟ್ಟಿನ ಉಂಡೆ ಮನೆಯಲ್ಲೇ ಇರಲಿ, ಜೀವಂತ ಸಿಗಡಿ ಬೇಕು. ಜಾಗ ಕೇಳಿದರೆ ಕುಂದಾಪುರದ ಗಂಗೊಳ್ಳಿ ಕಡೆ ಅಥವಾ ಕುಮಟಾದ ಅಘನಾಶಿನಿ. ಅಘನಾಶಿನಿಯಲ್ಲಿ ಕಾಂಡ್ಲಾ ಜಾಸ್ತಿ, ನನಗೆ ಅದೇ ಇಷ್ಟ.

ಇದು ಮೊಟ್ಟೆ ಇಡುವುದು ಅಳಿವೆಯ ಉಪ್ಪು ನೀರಲ್ಲಿ. ಮರಿಗಳು ಹಿನ್ನೀರಿಗೆ ಬಂದು, ಕೆಲವು ಹೊಳೆ ಹತ್ತಿ ಸಿಹಿನೀರಲ್ಲೂ ಬೆಳೆಯುತ್ತವೆ, ದೊಡ್ಡದಾದ ಮೇಲೆ ಮತ್ತೆ ಕೆಳಗೆ ಇಳಿಯುತ್ತವೆ. ಹಾಗಂತ ಕೆಆರ್‌ಎಸ್ ಹಿನ್ನೀರಿಗೂ ಬರುತ್ತಾ ಅಂತ ಕೇಳಬೇಡಿ. ಶಿವನಸಮುದ್ರದ ಜಲಪಾತ ಹತ್ತಿ ಬರೋಕಾಗುತ್ತಾ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇವುಗಳಲ್ಲಿ ಹೆಚ್ಚಿನವು ಮೊದಲು ಗಂಡು, ವರ್ಷಗಳಾದ ಮೇಲೆ ಹೆಣ್ಣಾಗುತ್ತವೆ. ಎರಡು ಕೆಜಿ ಆಸುಪಾಸಿನವು ಸಾಮಾನ್ಯವಾಗಿ ಗಂಡು, ನಾಲ್ಕು ಕೆಜಿ ದಾಟಿದವು ಬಹುಪಾಲು ಹೆಣ್ಣು. ದೊಡ್ಡದನ್ನೇ ಹುಡುಕಿ ಹುಡುಕಿ ಹೊಡೆದರೆ ಮೊಟ್ಟೆ ಇಡೋದು ಯಾರು? ಫೋಟೋ ತೆಗೆದು ಬಿಟ್ಟುಬಿಡಿ, ಸಾರಿಗೆ ಎರಡು ಕೆಜಿಯದ್ದೇ ಸಾಕು.

ಹಿಡಿಯುವಾಗ ಕಿವಿರಿನ ಮುಚ್ಚಳಕ್ಕೆ ಬೆರಳು ತಾಗಿಸಬೇಡಿ, ಅದರ ಅಂಚು ಬ್ಲೇಡಿನಷ್ಟು ಹರಿತ. ತೆಳು ದಾರವೂ ಅದಕ್ಕೆ ಕಟ್ ಆಗುತ್ತದೆ, ಗಾಳದ ಹತ್ತಿರ ದಪ್ಪ ನೈಲಾನ್ ಕಟ್ಟಿ. ರೀಲನ್ನು ಅವತ್ತೇ ಸಿಹಿನೀರಲ್ಲಿ ತೊಳೆಯಿರಿ, ಮೈಸೂರಿಗೆ ಬಂದ ಮೇಲೆ ನೋಡೋಣ ಅಂದರೆ ಅಷ್ಟರಲ್ಲಿ ಉಪ್ಪು ಒಳಗೆ ಹಿಡಿದಿರುತ್ತದೆ.