ಎಳು ಬೆಲದಿಂದ ಎಳ್ಳು ಬೆಲ್ಲಕ್ಕೆ

ಮೊದಲ ಡಬ್ಬಿ ತಯಾರಾದಾಗ ರಾತ್ರಿ ಹನ್ನೊಂದೂವರೆ. ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ. ಎಳ್ಳು ಬೀರೋದಕ್ಕೆ ಪ್ಲಾಸ್ಟಿಕ್ ಡಬ್ಬಿ ಬೇಡ, ಈ ಸಲ ನಾನೇ ಕಾಗದದ ಡಬ್ಬಿ ಮಾಡ್ತೀನಿ ಅಂತ ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದ್ದೆ. ಹಸಿರು ಡಬ್ಬಿ, ಮುಚ್ಚಳದ ಮೇಲೆ ಹಳದಿ ಕಾಗದದಲ್ಲಿ ಕಟಿಂಗ್ ಮೆಷಿನ್ನಿನಿಂದ ಕತ್ತರಿಸಿ ಅಂಟಿಸಿದ ಅಕ್ಷರ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಓದಿದರು.

"ಏನಮ್ಮಾ ಇದು, ಎಳು ಬೆಲ?"

ಒತ್ತಕ್ಷರ ಎರಡೂ ಮೆಷಿನ್ನಿನ ಮ್ಯಾಟಿನ ಮೇಲೇ ಉಳಿದಿದ್ದವು. ದೊಡ್ಡ ತುಂಡುಗಳನ್ನು ಮಾತ್ರ ಎತ್ತಿ ಅಂಟಿಸಿದ್ದೆ. ಪುಟಾಣಿ ಳ ಒತ್ತು, ಲ ಒತ್ತು ಕಣ್ಣಿಗೆ ಕಸದ ಹಾಗೆ ಕಂಡಿದ್ದವು. ಮ್ಯಾಟ್ ಉಜ್ಜುವಾಗ ಅವೂ ಹೋದವು.

ಕಟಿಂಗ್ ಮೆಷಿನ್ ನೋಡದವರಿಗೆ ಒಂದು ಮಾತು. ನೋಡೋಕೆ ಪ್ರಿಂಟರ್ ತರಹವೇ ಇರುತ್ತದೆ. ಇಂಕಿನ ಜಾಗದಲ್ಲಿ ಒಂದು ಸಣ್ಣ ಬ್ಲೇಡ್. ಅಂಟಂಟಾದ ಪ್ಲಾಸ್ಟಿಕ್ ಮ್ಯಾಟಿನ ಮೇಲೆ ಕಾಗದ ಅಂಟಿಸಿ ಒಳಗೆ ಕೊಟ್ಟರೆ, ಕಂಪ್ಯೂಟರಿನಲ್ಲಿ ಬರೆದ ಗೆರೆಯ ಮೇಲೆಯೇ ಕತ್ತರಿಸಿಕೊಡುತ್ತದೆ. ಕ್ರಿಕಟ್, ಸಿಲೂಯೆಟ್, ಬ್ರದರ್ ಅಂತ ಕೆಲವು ಹೆಸರುಗಳು ಜಾಸ್ತಿ ಕೇಳಿಬರುತ್ತವೆ. ನನ್ನದು ಪರಿಚಯದವರು ಎರಡು ಸಲ ಬಳಸಿ ಅಟ್ಟಕ್ಕೆ ಹಾಕಿದ್ದ ಮೆಷಿನ್. 12 ಇಂಚು ಅಗಲದ ಮ್ಯಾಟ್ ಹಿಡಿಯುತ್ತದೆ. ಮನೆ ಕೆಲಸಕ್ಕೆ ಅಷ್ಟು ಧಾರಾಳ ಸಾಕು.

ಇಂಗ್ಲಿಷಿನಲ್ಲಿ ‘ಹ್ಯಾಪಿ ಬರ್ತ್‌ಡೇ’ ಕತ್ತರಿಸೋಕೆ ಹತ್ತು ನಿಮಿಷದಲ್ಲಿ ಕಲಿತೆ. ಕನ್ನಡಕ್ಕೆ ಹತ್ತಿರ ಹತ್ತಿರ ಆರು ತಿಂಗಳು ಹಿಡಿಯಿತು. ಇಲ್ಲಿ ಹೇಳೋದು ಹೆಚ್ಚಾಗಿ ಆ ಆರು ತಿಂಗಳ ಕಥೆ.

ಮೊದಲ ತೊಂದರೆ ಟೈಪ್ ಮಾಡುವಾಗಲೇ ಬಂತು. ಮೆಷಿನ್ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ‘ಬೆಲ್ಲ’ ಅಂತ ಹಾಕಿದರೆ ‘ಬೆಲ್‌ಲ’ ಅಂತ ಬರುತ್ತಿತ್ತು. ಒತ್ತು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಅದಕ್ಕೆ ಆ ಸಂಕ್ರಾಂತಿ ರಾತ್ರಿ ನಾನು ಮಾಡಿದ್ದು ಕಳ್ಳದಾರಿ. ಬೇರೆ ಕಡೆ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರವನ್ನೇ ಟ್ರೇಸ್ ಮಾಡಿಸಿದೆ. ಕೆಲಸವೇನೋ ಆಗುತ್ತದೆ. ಆದರೆ ಅಂಚೆಲ್ಲ ಇಲಿ ಕಡಿದ ಹಾಗೆ.

ಈಗ ಮಾಡೋದು ಹೀಗೆ. ಇಂಕ್‌ಸ್ಕೇಪ್ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಒತ್ತು, ಕೊಂಬು, ಗುಡಿಸು ಎಲ್ಲ ಅವುಗಳ ಜಾಗದಲ್ಲೇ ಕೂರುತ್ತವೆ. ಆಮೇಲೆ ಆ ಪದವನ್ನು ಪಾತ್ ಆಗಿ ಬದಲಾಯಿಸಬೇಕು. ಅಂದರೆ ಅದು ಇನ್ನು ಅಕ್ಷರವಲ್ಲ, ಬರೀ ಗೆರೆ. ಗೆರೆಯಾದ ಮೇಲೆ ಮೆಷಿನ್ನಿಗೆ ಕನ್ನಡ ಬರುತ್ತದೋ ಇಲ್ಲವೋ ಅನ್ನೋ ಪ್ರಶ್ನೆಯೇ ಇಲ್ಲ. ಗ್ರೂಪ್ ಬಿಡಿಸಿ, ಎಲ್ಲವನ್ನೂ ಆರಿಸಿ, ತುಂಡುಗಳನ್ನು ಒಂದಾಗಿ ಬೆಸೆಯುವ ಯೂನಿಯನ್ ಒತ್ತಿ, ಎಸ್‌ವಿಜಿ ಫೈಲಾಗಿ ಉಳಿಸಿಕೊಳ್ಳುತ್ತೇನೆ.

ಆ ಯೂನಿಯನ್ ಅನ್ನೋದನ್ನು ಮರೆತರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಒಂದು ತುಂಡು ಇನ್ನೊಂದರ ಮೇಲೆ ಹತ್ತಿ ಕೂತಿದ್ದರೆ ಪರದೆಯ ಮೇಲೆ ಒಂದೇ ಅಕ್ಷರವಾಗಿ ಕಾಣುತ್ತದೆ. ಮೆಷಿನ್ನಿಗೆ ಹಾಗಲ್ಲ. ಎರಡರ ಗೆರೆಯನ್ನೂ ಅದು ನಿಷ್ಠೆಯಿಂದ ಕತ್ತರಿಸುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಂತೂ ಅಕ್ಷರದ ಮೈ ಒಂದು ತುಂಡು, ಕೊಂಬು ಒಂದು ತುಂಡು, ದೀರ್ಘ ಇನ್ನೊಂದು. ಅಂಥ ಫಾಂಟಿನಲ್ಲಿ ಒಬ್ಬರ ಗೃಹಪ್ರವೇಶದ ಕಾರ್ಡಿಗೆ ಅಕ್ಷರ ಕತ್ತರಿಸಲು ಹೋಗಿ, ಕೊಂಬುಗಳ ಒಂದು ಸಣ್ಣ ರಾಶಿಯನ್ನೇ ಗುಡ್ಡೆ ಹಾಕಿಕೊಂಡಿದ್ದೆ.

ಫಾಂಟ್ ಆರಿಸೋದರಲ್ಲಿ ನನ್ನ ಕಣ್ಣು ಈಗ ಬೇರೆ ಆಗಿದೆ. ಓದೋಕೆ ಚೆಂದ ಇರೋದು ಬೇರೆ, ಕತ್ತರಿಸೋಕೆ ಒಗ್ಗೋದು ಬೇರೆ. ಒಂದು ಕಡೆ ದಪ್ಪ, ಒಂದು ಕಡೆ ಕೂದಲೆಳೆಯ ಹಾಗೆ ಇರುವ ಅಕ್ಷರ ಆ ಎಳೆಯಲ್ಲೇ ಹರಿಯುತ್ತದೆ. ನನಗೆ ಕೈಹಿಡಿದದ್ದು ಬಾಲೂ ತಮ್ಮ. ಫಾಂಟ್ ಮಾಡುವ ಸಂಸ್ಥೆ ಎಕ್ ಟೈಪ್‌ನವರು ಮಾಡಿದ್ದು. ದುಂಡಗೆ, ದಪ್ಪಗೆ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಗಲ. ಇದೇ ಮನೆತನದ ತಮಿಳು ಫಾಂಟಿಗೆ ತಂಬಿ, ತೆಲುಗಿನದಕ್ಕೆ ತಮ್ಮುಡು, ಮಲಯಾಳದ್ದಕ್ಕೆ ಚೇಟ್ಟನ್ ಅಂತ ಹೆಸರು. ನಮ್ಮದು ತಮ್ಮ! ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಲೈಸೆನ್ಸ್ ಮುಕ್ತವಾಗಿರೋದರಿಂದ ಕಾರ್ಡ್ ಮಾಡಿ ಮಾರಿದರೂ ತಕರಾರಿಲ್ಲ.

ಇಷ್ಟಾದ ಮೇಲೂ ಒತ್ತಿನ ಸಮಸ್ಯೆ ಹಾಗೇ ಇತ್ತು. ಹಿಂದಿ ಅಕ್ಷರಗಳಿಗೆ ತಲೆಯ ಮೇಲೊಂದು ಗೆರೆ ಇರುತ್ತದಲ್ಲ, ಬಟ್ಟೆ ಒಣಹಾಕುವ ತಂತಿಯ ಹಾಗೆ ಇಡೀ ಪದವನ್ನು ಹಿಡಿದುಕೊಂಡಿರುತ್ತದೆ. ನಮಗೆ ಆ ಭಾಗ್ಯವಿಲ್ಲ. ಪ್ರತಿ ಅಕ್ಷರವೂ ಬಿಡಿ. ಅದರ ಕೆಳಗಿನ ಒತ್ತು ಇನ್ನೂ ಬಿಡಿ. ‘ಸಂಕ್ರಾಂತಿ’ ಅಂದರೆ ಎರಡು ಸೊನ್ನೆಗಳೂ ಬಿಡಿ ಬಳೆಗಳಾಗಿ ಉದುರುತ್ತವೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಎರಡು. ಒಂದು, ಪದದ ಸುತ್ತ 3 ಮಿ.ಮೀ. ಹೊರಗೆ ಇನ್ನೊಂದು ಗೆರೆ ಹಾಕಿ, ಎಲ್ಲ ಒಂದಕ್ಕೊಂದು ಕೂಡಿಕೊಂಡು ಒಂದೇ ತಟ್ಟೆಯಾಗುವ ಹಾಗೆ ಮಾಡೋದು. ಸಾಫ್ಟ್‌ವೇರಿನಲ್ಲಿ ಇದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಆ ತಟ್ಟೆಯನ್ನು ಗಾಢ ಬಣ್ಣದಲ್ಲಿ ಕತ್ತರಿಸಿ, ಮೇಲೆ ತಿಳಿ ಬಣ್ಣದ ಅಕ್ಷರ ಕೂರಿಸಿದರೆ ನೆರಳಿನ ಹಾಗೂ ಕಾಣುತ್ತದೆ, ಒತ್ತಿಗೂ ಒಂದು ಮನೆ ಸಿಗುತ್ತದೆ. ಒತ್ತು ದೂರ ಇದ್ದರೆ 3 ಮಿ.ಮೀ. ಸಾಲದು, 4 ಬೇಕಾಗುತ್ತದೆ.

ಎರಡನೆಯದು ನನಗೆ ಹೊಳೆದದ್ದು ಕಸದ ಬುಟ್ಟಿಯಿಂದ. ಅಕ್ಷರ ತೆಗೆದ ಮೇಲೆ ಉಳಿಯುವ ಕಿಂಡಿ ಕಿಂಡಿ ಹಾಳೆಯನ್ನು ಎಸೆಯುತ್ತಿದ್ದೆ. ಒಂದು ದಿನ ಬುಟ್ಟಿಯಿಂದ ಅದನ್ನೇ ಎತ್ತಿ ಕಾರ್ಡಿನ ಮೇಲಿಟ್ಟೆ. ಪ್ರತಿ ಅಕ್ಷರದ ಜಾಗ, ಪ್ರತಿ ಒತ್ತಿನ ಜಾಗ, ಅಳತೆ ಸಮೇತ ಅಲ್ಲೇ ಇದೆ! ಈಗ ಆ ಹಾಳೆಯನ್ನು ಕಾರ್ಡಿನ ಮೇಲೆ ಹಗುರ ಅಂಟಿನ ಟೇಪಿನಿಂದ ನಿಲ್ಲಿಸುತ್ತೇನೆ. ಅಕ್ಷರದ ಬೆನ್ನಿಗೆ ಹಲ್ಲುಕಡ್ಡಿಯಿಂದ ಸ್ವಲ್ಪವೇ ಅಂಟು ಮುಟ್ಟಿಸಿ, ಟ್ವೀಜರಿನಲ್ಲಿ ಹಿಡಿದು, ಕಿಂಡಿಯೊಳಗೆ ಇಳಿಸುತ್ತೇನೆ. ಮೊದಲು ಒತ್ತು, ಆಮೇಲೆ ಮೇಲಿನ ಅಕ್ಷರ. ಎರಡು ನಿಮಿಷ ಬಿಟ್ಟು ಹಾಳೆ ಎತ್ತಿದರೆ ಸಾಲು ನೂಲು ಹಿಡಿದ ಹಾಗೆ ನೇರ. ಅಂಟು ಜಾಸ್ತಿಯಾದರೆ ಮಾತ್ರ ಹಾಳೆಯೂ ಕಾರ್ಡಿಗೇ ಅಂಟಿಕೊಳ್ಳುತ್ತದೆ. ಆ ಪಾಠಕ್ಕೆ ನಾಲ್ಕು ಕಾರ್ಡ್ ಖರ್ಚಾಗಿವೆ.

ಅಕ್ಷರವನ್ನೇ ಕಿಂಡಿಯಾಗಿ ಬಿಡಬೇಕು, ಹಿಂದಿನಿಂದ ಬೇರೆ ಬಣ್ಣ ಕಾಣಬೇಕು ಅಂದರೆ ಕಷ್ಟ ತಿರುವುಮುರುವು. ಆಗ ಒತ್ತು ಉದುರಿದರೆ ಒಳ್ಳೆಯದೇ. ಆದರೆ ‘ರ’ದ ಹೊಟ್ಟೆ, ಸೊನ್ನೆಯ ಹೊಟ್ಟೆ ಕೂಡ ಉದುರಿಹೋಗುತ್ತವೆ. ಗೋಣಿಚೀಲದ ಮೇಲೆ ಹೆಸರು ಹೊಡೆಯುವ ತಗಡಿನ ಅಚ್ಚು ನೋಡಿದ್ದೀರಲ್ವಾ? ಅಕ್ಷರದ ನಡುವೆ ಸಣ್ಣ ಸೇತುವೆ ಬಿಟ್ಟಿರುತ್ತಾರೆ. ನಾನೂ ಹಾಗೇ ಒಂದೂವರೆ ಮಿ.ಮೀ. ಅಗಲದ ಪಟ್ಟಿ ಬಿಡುತ್ತೇನೆ. ರಂಗೋಲಿ ಅಚ್ಚಿಗೂ ಇದೇ ಲೆಕ್ಕ.

ಇನ್ನು ಬ್ಲೇಡು. ಅದು ತಾನಾಗಿ ದಿಕ್ಕು ತಿರುಗಿಸಿಕೊಳ್ಳುವುದಿಲ್ಲ. ಕುರ್ಚಿಯ ಕೆಳಗಿನ ಗಾಲಿ ಹೇಗೆ ಎಳೆದ ಕಡೆ ತಿರುಗುತ್ತದೋ ಹಾಗೆ ತಿರುಗುತ್ತದೆ. ಬ್ಲೇಡಿನ ತುದಿ ಸರಿಯಾಗಿ ನಡುವೆ ಇರುವುದಿಲ್ಲ, ಕೂದಲಷ್ಟು ಪಕ್ಕಕ್ಕಿರುತ್ತದೆ. ಆ ಪಕ್ಕಕ್ಕಿರೋದರಿಂದಲೇ ಅದು ತಿರುಗೋದು. ದೊಡ್ಡ ತಿರುವಿನಲ್ಲಿ ಇದು ಗೊತ್ತೇ ಆಗಲ್ಲ. ಆದರೆ ಒತ್ತಕ್ಷರದ ಸಣ್ಣ ಸುಳಿಯಲ್ಲಿ ಬ್ಲೇಡ್ ತಿರುಗುವಷ್ಟರಲ್ಲಿ ಗೆರೆಯೇ ಮುಗಿದಿರುತ್ತದೆ. ಕಾಗದ ಎಳೆದುಕೊಂಡು ಬರುತ್ತದೆ. ಹಾಳೆ ಎಷ್ಟು ಗಟ್ಟಿ ಅನ್ನೋದನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅಂತ. 250 ಜಿಎಸ್‌ಎಂ ಹಾಳೆಯಲ್ಲಿ ಅಕ್ಷರದ ಎತ್ತರ ಎರಡೂವರೆ ಸೆಂ.ಮೀ.ಗಿಂತ ಕಡಿಮೆ ಇದ್ದರೆ ನಾನು ಒಪ್ಪಿಕೊಳ್ಳುವುದಿಲ್ಲ. 160ರ ಹಾಳೆಯಾದರೆ 2 ಸೆಂ.ಮೀ.ವರೆಗೂ ಇಳಿಯಬಹುದು. ಒತ್ತಡ ಜಾಸ್ತಿ ಮಾಡಿ ಒಂದೇ ಸಲಕ್ಕೆ ಕತ್ತರಿಸುವ ಬದಲು, ಕಡಿಮೆ ಒತ್ತಡ, ನಿಧಾನ ಓಟ, ಎರಡು ಸಲ. ಮೊದಲು ಮೂಲೆಯಲ್ಲಿ ಒಂದು ‘ಲ್ಲ’ ಕತ್ತರಿಸಿ ನೋಡುತ್ತೇನೆ. ಅದು ಬಂದರೆ ಮಿಕ್ಕಿದ್ದೆಲ್ಲ ಬಂದ ಹಾಗೆ. ಬ್ಲೇಡನ್ನು ಅಲ್ಯುಮಿನಿಯಂ ಫಾಯಿಲ್ ಉಂಡೆಗೆ ನಾಲ್ಕು ಸಲ ಚುಚ್ಚಿದರೆ ಚೂಪಾಗುತ್ತದೆ ಅನ್ನುತ್ತಾರೆ. ಚೂಪೇನೂ ಆಗಲ್ಲ, ಸಿಕ್ಕಿಕೊಂಡ ಕಾಗದದ ಪುಡಿ ಹೋಗುತ್ತದೆ. ಅದೂ ಉಪಯೋಗವೇ.

ಕಾಗದಕ್ಕೆ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋಗುತ್ತೇನೆ. ಕ್ರಾಫ್ಟ್ ಅಂಗಡಿಯ ಚಿಕ್ಕ ಪ್ಯಾಕೆಟ್ಟು ದುಬಾರಿ. ಇಲ್ಲಿ 23×36 ಇಂಚಿನ ಪೂರ್ತಿ ಶೀಟ್ ತೆಗೆದುಕೊಂಡು, ಅಲ್ಲೇ ಕಟಿಂಗ್ ಮಾಡಿಸಿದರೆ ಹನ್ನೊಂದೂವರೆ ಇಂಚು ಬೈ 12 ಇಂಚಿನ ಆರು ತುಂಡು. ಚೂರೂ ವೇಸ್ಟ್ ಇಲ್ಲ, ಮ್ಯಾಟಿಗೆ ಸರಿಯಾಗಿ ಕೂರುತ್ತದೆ. ಕೊಳ್ಳುವ ಮೊದಲು ಒಂದು ಮೂಲೆ ಹರಿದು ನೋಡಿ. ಒಳಗೆ ಬಿಳಿ ಕಂಡರೆ, ಮಡಚಿದ ಕಡೆಯೆಲ್ಲ ಬಿಳಿ ಗೆರೆ ಎದ್ದು ಕಾಣುತ್ತದೆ. ಹ್ಯಾಂಡ್‌ಮೇಡ್ ಪೇಪರ್ ನೋಡಿದರೆ ಆಸೆಯಾಗುತ್ತದೆ. ಆದರೆ ಹತ್ತಿಯ ಎಳೆ ಉದ್ದ ಇರುವುದರಿಂದ ಬ್ಲೇಡು ಎಳೆಯನ್ನು ಕಿತ್ತುಕೊಂಡು ಬರುತ್ತದೆ. ಅದನ್ನು ಕಾರ್ಡಿನ ಮೈಗೆ ಇಟ್ಟುಕೊಂಡು, ಅಕ್ಷರಕ್ಕೆ ನಯವಾದ ಹಾಳೆ ಬಳಸೋದು ಜಾಣತನ. ಮಳೆಗಾಲದಲ್ಲಿ ಯಾವ ಹಾಳೆಯೂ ಮೆತ್ತಗಾಗಿ ಹರಿಯುತ್ತದೆ. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡುತ್ತೇನೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪೊಟ್ಟಣ ಒಂದನ್ನೂ ಎಸೆಯುವುದಿಲ್ಲ.

ಕತ್ತರಿಸಿದ ಕಾಗದವನ್ನು ಮ್ಯಾಟಿನಿಂದ ಎತ್ತಬಾರದು. ಎತ್ತಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಮ್ಯಾಟನ್ನು ಬೋರಲು ಹಾಕಿ, ಕಾಗದ ಮೇಜಿಗೆ ಒತ್ತಿಕೊಂಡಿರುವಂತೆ, ಮ್ಯಾಟನ್ನೇ ಬಾಗಿಸಿ ಬಿಡಿಸಬೇಕು. ಬಾಳೆಎಲೆಯ ಮೇಲಿನ ಹೋಳಿಗೆಯನ್ನು ಹೆಂಚಿಗೆ ಬೋರಲು ಹಾಕಿ ಎಲೆ ಬಿಡಿಸುತ್ತೇವಲ್ಲ, ಹಾಗೇ. ಇದನ್ನು ಹೇಳಿಕೊಟ್ಟದ್ದು ನನ್ನ ಅತ್ತೆ. ಅವರು ಮೆಷಿನ್ನನ್ನು ಅದುವರೆಗೆ ಮುಟ್ಟಿಯೂ ಇರಲಿಲ್ಲ.

ಡಬ್ಬಿಯ ಬಗ್ಗೆ ಎರಡು ಮಾತು ಉಳಿದಿದೆ. ಮುಚ್ಚಳ ಮತ್ತು ತಳ ಒಂದೇ ಅಳತೆಯಲ್ಲಿ ಕತ್ತರಿಸಿದರೆ ಮುಚ್ಚಳ ಕೂರುವುದಿಲ್ಲ. ಕಾಗದಕ್ಕೂ ದಪ್ಪ ಇದೆ. ಮುಚ್ಚಳಕ್ಕೆ ಒಂದೂವರೆ ಮಿ.ಮೀ. ಹೆಚ್ಚಿಗೆ ಇಟ್ಟುಕೊಳ್ಳಿ. ಇನ್ನೊಂದು, ಎಳ್ಳು, ಕಡಲೆಬೀಜ, ಕೊಬ್ಬರಿ ಮೂರೂ ಎಣ್ಣೆ ಬಿಡುತ್ತವೆ. ಮೊದಲ ವರ್ಷ ಹಬ್ಬದ ಬೆಳಗ್ಗೆ ನೋಡಿದರೆ ಹಸಿರು ಡಬ್ಬಿಗಳ ತಳವೆಲ್ಲ ಬಜ್ಜಿ ಕಟ್ಟಿದ ಪೇಪರಿನ ಹಾಗೆ. ಈಗ ಒಳಗೆ ಬಟರ್ ಪೇಪರ್ ಕತ್ತರಿಸಿ ಹಾಸುತ್ತೇನೆ. ಸಕ್ಕರೆ ಅಚ್ಚು ಒಳಗಿಡುವುದಿಲ್ಲ, ಭಾರಕ್ಕೆ ತಳ ಬಿಟ್ಟುಕೊಳ್ಳುತ್ತದೆ. ಅದನ್ನು ಕೈಗೇ ಕೊಡುವುದು.

ಅಂಚೆಯಲ್ಲಿ ಕಳಿಸುವ ಕಾರ್ಡಿಗೆ ತೂಕದ ಲೆಕ್ಕ ಬೇಕು. 300 ಜಿಎಸ್‌ಎಂನ ಒಂದು ಎ4 ಹಾಳೆಯೇ 18.7 ಗ್ರಾಂ. ಸಾದಾ ಪತ್ರದ ಮೊದಲ ಹಂತ 20 ಗ್ರಾಂ. ಲಕೋಟೆ, ಅಕ್ಷರ, ಅಂಟು ಸೇರಿದರೆ ದಾಟಿಯೇ ದಾಟುತ್ತದೆ. ಅದರರ್ಧ ಅಳತೆಯ ಹಾಳೆಯನ್ನು 250 ಜಿಎಸ್‌ಎಂನಲ್ಲಿ ಮಡಚಿದರೆ ಎಂಟು ಗ್ರಾಂ ಒಳಗೆ ಮುಗಿಯುತ್ತದೆ. ಮೇಲೆ ಏನು ಬೇಕಾದರೂ ಅಂಟಿಸಿಕೊಳ್ಳಬಹುದು.

ಒಂದು ಆರ್ಡರ್ ಮಾತ್ರ ಮರೆಯೋಕಾಗಲ್ಲ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಅಂತ ಹೆಸರಾಯಿತಲ್ಲ, ಅದಕ್ಕೆ 2023ರಲ್ಲಿ 50 ವರ್ಷ ತುಂಬಿದಾಗ ನಮ್ಮ ಅಪಾರ್ಟ್‌ಮೆಂಟಿನವರು 40 ಕಾರ್ಡ್ ಕೇಳಿದರು. ಕೆಂಪು ಕಾರ್ಡಿನ ಮೇಲೆ ಹಳದಿ ಕರ್ನಾಟಕ ನಕ್ಷೆ. ನಕ್ಷೆಯ ಫೈಲಿನಲ್ಲಿ ಗಡಿಯ ಒಂದೊಂದು ಸೊಟ್ಟಕ್ಕೂ ಹತ್ತು ಚುಕ್ಕಿ. ಮೆಷಿನ್ ಪ್ರತಿ ಚುಕ್ಕಿಗೂ ನಿಂತು ನಿಂತು, ಕಟಕಟ ಅಂತ ಸದ್ದು ಮಾಡುತ್ತಾ, ತುದಿಗೆ ಬಂದಾಗ ಬೀದರ್ ಹರಿದು ಹಾಕಿತು. ಇನ್ನೊಂದು ಹಾಳೆ ಹಾಕಿದೆ, ಮತ್ತೆ ಬೀದರ್. ಹೀಗೆ ಐದು ಸಲ ಬೀದರ್ ಕಳೆದುಕೊಂಡೆ. ಆಮೇಲೆ ಇಂಕ್‌ಸ್ಕೇಪಿನಲ್ಲಿ ಸಿಂಪ್ಲಿಫೈ ಒತ್ತಿ ಚುಕ್ಕಿ ಕಡಿಮೆ ಮಾಡಿ, ಮೇಲಿನ ಕಿರಿದಾದ ಭಾಗವನ್ನು ಒಂದು ಮಿ.ಮೀ. ದಪ್ಪ ಮಾಡಿದೆ. ಭೂಗೋಳದ ಮೇಷ್ಟ್ರು ನೋಡಿದರೆ ಬೈದಾರು. ಕಾರ್ಡ್ ತೆಗೆದುಕೊಂಡವರಲ್ಲಿ ಬೀದರಿನವರೇ ಒಬ್ಬರಿದ್ದರು, ಅವರಿಗೂ ಗೊತ್ತಾಗಲಿಲ್ಲ.

ಈಗ ಮೇಜಿನ ಮೇಲಿರೋದು ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮದ ಕವರು. ‘ಲಕ್ಷ್ಮಿ’ ಅಂದರೆ ಒಂದರ ಕೆಳಗೆ ಎರಡು ಒತ್ತು, ಷ ಮತ್ತು ಮ. ಕೇಳಿದವರಿಗೆ ಅಕ್ಷರ 2 ಸೆಂ.ಮೀ.ಗಿಂತ ದೊಡ್ಡದು ಬೇಡವಂತೆ. ನಿನ್ನೆ ರಾತ್ರಿ ನಾಲ್ಕು ಸಲ ಕತ್ತರಿಸಿದೆ. ಷ ಒತ್ತು ಕೂತಿದೆ. ಮ ಒತ್ತು ಬಾಲದ ಹತ್ತಿರ ಇನ್ನೂ ಎಳೆಯುತ್ತಿದೆ. ಹೊಸ ಬ್ಲೇಡ್ ಹಾಕಿ, 160ರ ಹಾಳೆಯಲ್ಲಿ ಇನ್ನೊಂದು ಸಲ ನೋಡಬೇಕು.